ಸಂಪಾದಕರ ಉತ್ತರ: ಬಿ. ಜಯಶ್ರೀ ನಟಿಯೋ, ನಿರ್ದೇಶಕಿಯೋ?

ಮಾನ್ಯರೇ,

ಬಿ. ಜಯಶ್ರೀ ಅವರನ್ನು ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ತಾವು ಬರೆದ ಪತ್ರ ತಲುಪಿದೆ. ಅವರನ್ನು ಮೊದಲು ನಿರ್ದೇಶಕಿ ಎಂದೂ ಆಮೇಲೆ ನಟಿ ಎಂದೂ ಕರೆದಿರುವುದು ತಮಗೆ ಸರಿಕಂಡಿಲ್ಲ. ನಾಟಕ ಕಂಪನಿಯ ಗುಬ್ಬಿ ವೀರಣ್ಣನವರ ಮೊಮ್ಮಗಳು, ಆ ಕಂಪನಿಯ ಕಂಠಸಿರಿಯನ್ನು ಬಳುವಳಿಯಾಗಿ ಪಡೆದ ಗಾಯಕನಟಿ ಎಂದಿದ್ದರೆ ಸಾಕಿತ್ತು, ಹಾಡೇ ತುಂಬಿರುವ ಅವರ ನಾಟಕಗಳಲ್ಲಿ ನಿರ್ದೇಶನಕ್ಕೆ ಹೆಚ್ಚು ಕೆಲಸವಿಲ್ಲ ಎಂಬುದು ತಮ್ಮ ವಾದ. ರಂಗಭೂಮಿಯ ಲೇಖನದಲ್ಲಿ ಸಿನಿಮಾ ಹಾಡು, ಡಬ್ಬಿಂಗುಗಳ ಪ್ರಸ್ತಾಪವೇಕೆ ಎಂದೂ ಕೇಳಿದ್ದೀರಿ.

ಬಳುವಳಿಯ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ನಾಡಿನ ಮನೆಮಾತಾಯಿತು. ಅವರ ಮಗಳು, ಜಯಶ್ರೀಯವರ ತಾಯಿ ಮಾಲತಮ್ಮನವರೂ ನಟಿ. 1950ರಲ್ಲಿ ಹುಟ್ಟಿದ ಜಯಶ್ರೀ ಎಳವೆಯಲ್ಲೇ ಬಣ್ಣ ಹಚ್ಚಿದವರು. ಆದರೆ ಆ ಮನೆಯಲ್ಲಿ ಹುಟ್ಟಿದವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ, ಅದರ ನಿರ್ದೇಶಕರಾಗಿದ್ದ ಇಬ್ರಾಹಿಂ ಅಲ್ಕಾಜಿಯವರ ಕಾಲದಲ್ಲಿ ಕಲಿತು, 1973ರಲ್ಲಿ ಪದವಿ ಪಡೆದು ಹಿಂತಿರುಗಿದರು ಎಂಬುದನ್ನು ತಮ್ಮ ಪತ್ರ ದಾಟಿಕೊಂಡು ಹೋಗುತ್ತದೆ. ಅಲ್ಕಾಜಿಯವರದು ಬೆಳಕು, ವಿನ್ಯಾಸ, ಪಠ್ಯ, ತಾಲೀಮು ಎಲ್ಲವೂ ಒಬ್ಬ ನಿರ್ದೇಶಕರ ಕಣ್ಣಿನಡಿ ಕಟ್ಟುನಿಟ್ಟಾಗಿ ನಡೆಯಬೇಕೆನ್ನುವ ಪಂಥ. ಕಂಪನಿಯಲ್ಲಾದರೋ ಹಾರ್ಮೋನಿಯಂ ಮಾಸ್ತರರು, ಮುಖ್ಯ ನಟರು, ಎದುರಿಗೆ ಕೂತು ‘ಒನ್ಸ್ ಮೋರ್’ ಎನ್ನುವ ಪ್ರೇಕ್ಷಕರು ಎಲ್ಲರೂ ಸೇರಿ ನಾಟಕದ ಓಟವನ್ನು ನಿರ್ಧರಿಸುತ್ತಿದ್ದರು. ಎರಡು ಕಡೆಯ ಪಾಠವನ್ನೂ ಮೈಗೂಡಿಸಿಕೊಂಡವರು ಕನ್ನಡದಲ್ಲಿ ವಿರಳ. (ರಂಗನಿರ್ದೇಶಕ ಬಿ.ವಿ. ಕಾರಂತರ ಹೆಸರು ಕೂಡಲೇ ನೆನಪಾಗುತ್ತದೆ. ಅವರೂ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರು, ಅವರನ್ನು ಓದಲು ಬನಾರಸಿಗೆ ಕಳಿಸಿದವರು ವೀರಣ್ಣನವರೇ.)

1976ರಲ್ಲಿ ಜಯಶ್ರೀ ‘ಸ್ಪಂದನ’ ತಂಡವನ್ನು ಕಟ್ಟಿದಾಗ ಬೆಂಗಳೂರಿನಲ್ಲಿ ಹವ್ಯಾಸಿ ರಂಗಭೂಮಿಯ ಉತ್ಸಾಹ ಏರುತ್ತಿತ್ತು, ಕಂಪನಿ ನಾಟಕಗಳು ಸಿನಿಮಾದ ಮುಂದೆ ಸೊರಗುತ್ತಿದ್ದವು. ಆಗ ನಗರದ ಹೊಸ ತಂಡಗಳನ್ನು ಮುನ್ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ‘ಸ್ಪಂದನ’ಕ್ಕಾಗಿ ಜಯಶ್ರೀ ಆಡಿಸಿದ ನಾಟಕಗಳಲ್ಲಿ ಜನಪದ ಕಥನದಿಂದ ಬಂದ ‘ಲಕ್ಷಾಪತಿ ರಾಜನ ಕಥೆ’ಯನ್ನೂ ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ರಂಗಕ್ಕೆ ತಂದ ‘ಕರಿಮಾಯಿ’ಯನ್ನೂ ಗಮನಿಸಿದರೆ ನಮ್ಮ ಅಭಿಪ್ರಾಯದ ಆಧಾರ ತಮಗೆ ಕಂಡೀತು. ‘ಕರಿಮಾಯಿ’ಯ ನಿಜವಾದ ನಾಯಕ ಯಾವುದೋ ಒಂದು ಪಾತ್ರವಲ್ಲ, ಶಿವಾಪುರವೆಂಬ ಇಡೀ ಊರು ಮತ್ತು ಅದರ ದೇವತೆ. ಅಂಥ ಕೃತಿಯನ್ನು ನಾಲ್ಕಾರು ದೃಶ್ಯಗಳಾಗಿ ಕತ್ತರಿಸಿ ಸಂಭಾಷಣೆಗೆ ಇಳಿಸಿದರೆ ಊರು ಸತ್ತುಹೋಗುತ್ತದೆ. ಕಥೆ ಹೇಳುವ, ಹಾಡುವ, ಕುಣಿಯುವ, ಬೇಕಾದಾಗ ಪಾತ್ರವೂ ಆಗುವ ಮೇಳವೊಂದೇ ಅದನ್ನು ಹೊತ್ತು ನಡೆಯಬಲ್ಲದು. ಆ ಮೇಳ ಎಲ್ಲಿ ನಿಲ್ಲಬೇಕು, ಯಾವ ಸೊಲ್ಲಿಗೆ ಪಲ್ಲವಿಯನ್ನು ಎತ್ತಿಕೊಳ್ಳಬೇಕು, ಎಲ್ಲಿ ಹಾಡು ನಿಂತು ಬರಿಯ ಮಾತು ಉಳಿಯಬೇಕು ಎಂದು ಗೊತ್ತುಮಾಡುವುದು ನಿರ್ದೇಶನವಲ್ಲದೆ ಮತ್ತೇನು? ಹಾಡು ಹೆಚ್ಚಾದಷ್ಟೂ ನಿರ್ದೇಶಕರ ಕೆಲಸ ಹೆಚ್ಚುತ್ತದೆ ಎಂಬುದೇ ನಮ್ಮ ನಿಲುವು.

ಇನ್ನು ತಾವೇ ಉದಾಹರಿಸಿದ ‘ಸದಾರಮೆ’. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಈ ನಾಟಕದಲ್ಲಿ ವೀರಣ್ಣನವರು ಹೆಸರು ಮಾಡಿದ್ದು ರಾಜಕುಮಾರನ ಪಾತ್ರದಿಂದಲ್ಲ, ಕಳ್ಳನ ಪಾತ್ರದಿಂದ. ಅದು ಹಾಸ್ಯಗಾರನಿಗೆ ಬಿಟ್ಟುಕೊಟ್ಟ ಬಯಲು: ಅಂದಂದಿನ ಊರ ಸುದ್ದಿ, ಅಧಿಕಾರಿಗಳ ಮೇಲಿನ ಕುಟುಕು ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಜಯಶ್ರೀ ಆ ನಾಟಕವನ್ನು ಮತ್ತೆ ರಂಗಕ್ಕೆ ತಂದಾಗ ನಾಯಕಿ ಸದಾರಮೆಯ ಸೀರೆ ಉಡಲಿಲ್ಲ, ತಾತನ ಕಳ್ಳನ ವೇಷವನ್ನೇ ತೊಟ್ಟರು. ಗಂಡಸರು ಹೆಣ್ಣಿನ ವೇಷ ಕಟ್ಟುತ್ತಿದ್ದ ಪರಂಪರೆಯಲ್ಲಿ ಹೆಂಗಸೊಬ್ಬರು ಕಂಪನಿಯ ಅತಿ ಜನಪ್ರಿಯ ಗಂಡುಪಾತ್ರವನ್ನು ತಮ್ಮದಾಗಿಸಿಕೊಂಡರು. ತಾವು ಇದನ್ನು ತಾತನ ಅನುಕರಣೆ ಎಂದು ಬರೆದಿದ್ದೀರಿ. ಈ ನಾಟಕದ ಕಥೆಯಲ್ಲಿ ಸದಾರಮೆಯೂ ಗಂಡುವೇಷ ಧರಿಸಿ ತನ್ನ ದಾರಿ ಹುಡುಕಿಕೊಳ್ಳುತ್ತಾಳೆ. ಅತ್ತ ಆಕೆ, ಇತ್ತ ಕಳ್ಳನ ಉಡುಪಿನಲ್ಲಿ ಇನ್ನೊಬ್ಬ ಹೆಣ್ಣು: ಬರಿಯ ಪಾತ್ರ ಹಂಚಿಕೆಯಿಂದಲೇ ನಾಟಕದ ಅರ್ಥ ಹೊರಳುತ್ತದೆ. ಅನುಕರಣೆಗೆ ಇಷ್ಟು ಯೋಚನೆ ಬೇಕಿರಲಿಲ್ಲ.

1996ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ನಿರ್ದೇಶಕತ್ವ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರ ಪದ್ಮಶ್ರೀ ಇವೆಲ್ಲ ಲೇಖನದಲ್ಲೇ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಸಿನಿಮಾದ ಮಾತು. ಮಾಧವಿ, ಅಂಬಿಕಾ, ಸುಮಲತಾ ಮೊದಲಾದ ನಾಯಕಿಯರಿಗೆ ಕನ್ನಡದ ಕಂಠ ಕೊಟ್ಟವರು ಜಯಶ್ರೀ. ಅವರ ಹೆಸರೇ ತಿಳಿಯದ ಲಕ್ಷಾಂತರ ಜನ ಅವರ ದನಿಯನ್ನು ಕೇಳಿ ಬೆಳೆದಿದ್ದಾರೆ. ಇನ್ನೊಬ್ಬರ ತುಟಿಯ ಚಲನೆಗೆ, ಇನ್ನೊಬ್ಬರ ಉಸಿರಿನ ಅಳತೆಗೆ ತನ್ನ ಮಾತನ್ನು ಕೂರಿಸುವುದು ಧ್ವನಿಯೊಂದರಲ್ಲೇ ಮಾಡುವ ಅಭಿನಯ. ಧ್ವನಿವರ್ಧಕಕ್ಕೂ ಹಿಂದಿನ ದಿನಗಳಿಂದ ಕಂಪನಿ ರಂಗಭೂಮಿ ಕಾಪಾಡಿಕೊಂಡು ಬಂದ ವಿದ್ಯೆ ಅದು. ‘ನಾಗಮಂಡಲ’ ಚಿತ್ರದಲ್ಲಿ ಜಯಶ್ರೀಯವರ ಕುರುಡವ್ವನನ್ನು ತೆರೆಯ ಮೇಲೆ ನೋಡಿದವರಿಗೂ, 2001ರ ‘ನನ್ನ ಪ್ರೀತಿಯ ಹುಡುಗಿ’ಯ ‘ಕಾರ್ ಕಾರ್’ ಹಾಡಿಗೆ ಕುಣಿದ ಹುಡುಗರಿಗೂ ಮುಟ್ಟಿದ್ದು ಅದೇ ಗಟ್ಟಿ ದನಿ. ಹಾಗಾಗಿ ಆ ಪ್ಯಾರಾವನ್ನು ಕೈಬಿಡುವ ಕಾರಣ ನಮಗೆ ತೋರಲಿಲ್ಲ.

ಕೊನೆಗೊಂದು ಕೋರಿಕೆ. ‘ಸದಾರಮೆ’ಯನ್ನು ಕಣ್ಣಾರೆ ನೋಡಿದ್ದಾಗಿ ಬರೆದಿದ್ದೀರಿ. ಆ ಸಂಜೆ ಕಳ್ಳ ತನ್ನ ಮಾತಿನಲ್ಲಿ ಯಾವ ಸುದ್ದಿಯನ್ನು ಎಳೆದು ತಂದ, ಜನ ಎಲ್ಲಿ ನಕ್ಕರು, ಹಾರ್ಮೋನಿಯಂ ಯಾರು ನುಡಿಸಿದರು ಎಂಬುದು ನೆನಪಿದ್ದಷ್ಟು ಬರೆದು ಕಳಿಸಿ. ರಂಗದ ಮೇಲೆ ಹೊಳೆದಂತೆ ಆಡಿದ ಆ ಮಾತುಗಳು ಅಚ್ಚಾದ ನಾಟಕದ ಪುಸ್ತಕದಲ್ಲಿ ಸಿಗುವಂಥವಲ್ಲ. ಪತ್ರದ ಅಂಕಣದಲ್ಲಿ ಅದಕ್ಕೆ ಪೂರ್ತಿ ಜಾಗ ಕೊಡುತ್ತೇವೆ.

ಸಂಪಾದಕ