ರಕ್ಷಣಾ ಕೋಶಗಳು ಸ್ವಂತ ದೇಹದ ಮೇಲೇ ತಿರುಗಿಬೀಳುವುದೇಕೆ?

ನಿಮ್ಮ ತಂಗಿಗೆ ಲೂಪಸ್ ಇದೆಯೆಂದು ತಿಳಿಸಿ, ರೋಗನಿರೋಧಕ ಕೋಶಗಳು ಸ್ವಂತ ದೇಹಕ್ಕೇ ಏಕೆ ಹಾನಿ ಮಾಡುತ್ತವೆ, 2025ರ ನೊಬೆಲ್ ಪಡೆದ ಸಂಶೋಧನೆಯಿಂದ ಅದರ ಕಾರಣ ಗೊತ್ತಾದಂತಾಯಿತೇ ಎಂದು ಕೇಳಿದ್ದೀರಿ. ಕಾರಣದ ಒಂದು ಮುಖ್ಯ ಭಾಗ ಗೊತ್ತಾಗಿದೆ, ಪೂರ್ತಿಯಾಗಿ ಅಲ್ಲ ಎಂಬುದು ಈ ವಿಷಯವನ್ನು ಪಾಠ ಮಾಡುವ ನನ್ನ ಉತ್ತರ.

ಸ್ವಂತ ಅಂಗಾಂಶದ ಮೇಲೆರಗಬಲ್ಲ ಟಿ ಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶಗಳು) ರೋಗಿಗಳಲ್ಲಿ ಮಾತ್ರ ಇರುತ್ತವೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಬಲಿಯುವಾಗಲೇ ಅಂಥವುಗಳಲ್ಲಿ ಬಹುಪಾಲು ನಾಶವಾದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಅವು ನನ್ನ ರಕ್ತದಲ್ಲೂ ಇವೆ. ಹಾಗಾದರೆ ಆರೋಗ್ಯವಂತರಲ್ಲಿ ಅವುಗಳನ್ನು ತಡೆದಿರುವುದು ಯಾವುದು?

ಜಪಾನಿನಲ್ಲಿ, ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದ ಪ್ರಯೋಗಗಳಲ್ಲಿ ಇದರ ಸುಳಿವಿತ್ತು. ಟಿ ಕೋಶಗಳು ಕಡಿಮೆಯಾದ ಮರಿಗಳ ನಿರೋಧಕ ವ್ಯವಸ್ಥೆ ಸೊರಗಬೇಕಿತ್ತು. ಬದಲಿಗೆ ಅವುಗಳಿಗೆ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ಸ್ವಂತ ದೇಹದ ಮೇಲೇ ದಾಳಿಯಾಗುವ ಕಾಯಿಲೆಗಳು ಬಂದವು, ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದರೆ ಬರುತ್ತಿರಲಿಲ್ಲ. ಹತೋಟಿ ಮಾಡುವ ಟಿ ಕೋಶಗಳಿವೆ ಎಂಬ ವಿಚಾರವನ್ನೇ ಹೆಚ್ಚಿನವರು ಕೈಬಿಟ್ಟಿದ್ದಾಗಲೂ ಹಟ ಬಿಡದ ಶಿಮೋನ್ ಸಕಾಗುಚಿ, ಅವುಗಳನ್ನು ಸಿಡಿ25 ಎಂಬ ಪ್ರೋಟೀನಿನಿಂದ ಗುರುತಿಸಬಹುದೆಂದು 1995ರಲ್ಲಿ ತೋರಿಸಿದರು.

ಸಕಾಗುಚಿಯವರೊಂದಿಗೆ ಆ ನೊಬೆಲ್ ಹಂಚಿಕೊಂಡ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಹಿಡಿದದ್ದು ಬೇರೆ ದಾರಿ. ಚರ್ಮ ಹೊಪ್ಪಳೆಯೆದ್ದು ಕೆಲವೇ ವಾರಗಳಲ್ಲಿ ಸಾಯುತ್ತಿದ್ದ 'ಸ್ಕರ್ಫಿ' ಗಂಡು ಇಲಿಗಳ ಎಕ್ಸ್ ವರ್ಣತಂತುವಿನಲ್ಲಿ ಅವರು 20 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ದೋಷವಿದ್ದದ್ದು ಕೊನೆಯದರಲ್ಲಿ. ಫಾಕ್ಸ್‌ಪಿ3 ಎಂದು ಹೆಸರಾದ ಆ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ತೀವ್ರ ಕಾಯಿಲೆ ಬರುತ್ತದೆಂದು 2001ರಲ್ಲಿ ತಿಳಿದುಬಂತು. ಸಕಾಗುಚಿಯವರ ಕೋಶಗಳು ರೂಪುಗೊಳ್ಳುವುದಕ್ಕೂ ಅದೇ ಜೀನ್ ಬೇಕೆಂಬುದು ಎರಡು ವರ್ಷಗಳ ನಂತರ ಸ್ಪಷ್ಟವಾಯಿತು.

ಆದರೆ ಐಪೆಕ್ಸ್‌ನಂತೆ ಲೂಪಸ್ಸಿಗೂ ಒಂದೇ ಜೀನನ್ನು ಬೆರಳಿಟ್ಟು ತೋರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅದರಲ್ಲಿ ಹಲವು ಜೀನ್‌ಗಳ ಜೊತೆಗೆ ಹಾರ್ಮೋನು, ಬಿಸಿಲು ಮುಂತಾದವುಗಳ ಪಾತ್ರವೂ ಇದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಲೂಪಸ್‌ನಲ್ಲಿ ಬಿ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳು ಸ್ವಂತ ಡಿಎನ್ಎ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುವುದರಿಂದ, ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು ಐವರು ರೋಗಿಗಳ ಬಿ ಕೋಶಗಳನ್ನು ಕಾರ್-ಟಿ ಚಿಕಿತ್ಸೆಯಿಂದ (ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ವಿಧಾನ) ಅಳಿಸಿಹಾಕಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ತಿಂಗಳಲ್ಲಿ ಹೊಸ ಬಿ ಕೋಶಗಳು ಹುಟ್ಟಿಬಂದರೂ ಕಾಯಿಲೆ ಮರುಕಳಿಸಿರಲಿಲ್ಲ. ಐದೇ ಜನರ ಮೇಲಿನ ಪ್ರಯೋಗವಾದ್ದರಿಂದ ಅವಸರದ ಆಸೆ ಬೇಡ. ನಿಮ್ಮ ತಂಗಿ ಈಗಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.