ತೆರಿಗೆ ರಿಯಾಯಿತಿಯಿಂದ ಶ್ರೀಮಂತರಿಗೆ ಗೃಹಸಾಲ ಅಗ್ಗವಾಗುತ್ತದೆಯೇ?

ಹೌದು. ಭಾರತದ ಹಳೆಯ ತೆರಿಗೆ ಪದ್ಧತಿಯಲ್ಲಿ, ಬ್ಯಾಂಕು ಎಲ್ಲರಿಗೂ ಒಂದೇ ಬಡ್ಡಿ ಹಾಕಿದರೂ, ಹೆಚ್ಚು ಆದಾಯದವರಿಗೆ ಸಾಲ ಅಗ್ಗವಾಗಿ ಬೀಳುತ್ತದೆ. ಕಟ್ಟಿದ ಬಡ್ಡಿಯನ್ನು ಕಳೆಯುವುದು ತೆರಿಗೆಯಿಂದಲ್ಲ, ಆದಾಯದಿಂದ. ಹಾಗಾಗಿ ಉಳಿತಾಯವೆಷ್ಟು ಎಂಬುದು ನಿಮ್ಮ ಸ್ಲ್ಯಾಬ್, ಅಂದರೆ ಆದಾಯಕ್ಕೆ ತಕ್ಕ ತೆರಿಗೆ ದರದ ಹಂತದ ಮೇಲೆ ನಿಂತಿದೆ.

25 ಲಕ್ಷ ರೂಪಾಯಿ ಸಾಲಕ್ಕೆ ಶೇ. 8ರಂತೆ ವರ್ಷಕ್ಕೆ ಸುಮಾರು 2 ಲಕ್ಷ ಬಡ್ಡಿ ಎನ್ನಿ. ವಾಸದ ಮನೆಗೆ ಕಳೆಯಲು ಇರುವ ಮಿತಿಯೂ ಅಷ್ಟೇ. ಶೇ. 30ರ ಸ್ಲ್ಯಾಬ್‌ನವರಿಗೆ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ 62,400 ರೂ. ಉಳಿದು, ನಿಜವಾದ ಬಡ್ಡಿ ಶೇ. 5.5ಕ್ಕೆ ಇಳಿಯುತ್ತದೆ. ಶೇ. 20ರವರಿಗೆ 6.3. ತೆರಿಗೆಗೊಳಪಡುವ ಆದಾಯ ಮೊದಲೇ 5 ಲಕ್ಷದೊಳಗಿದ್ದರೆ ರಿಬೇಟ್‌ನಿಂದ (ತೆರಿಗೆಯಲ್ಲೇ ಸಿಗುವ ವಿನಾಯಿತಿ) ತೆರಿಗೆಯೇ ಇರುವುದಿಲ್ಲ, ಅವರು ಪೂರ್ತಿ 8 ಕಟ್ಟುತ್ತಾರೆ. ನೆರವು ಬೇಕಾದವರಿಗೇ ಅದು ತಲುಪದಿರುವುದು ನನಗಂತೂ ಅನ್ಯಾಯವೆನಿಸುತ್ತದೆ.

ದೊಡ್ಡ ಲಾಭವಿದ್ದದ್ದು ಬಾಡಿಗೆಗೆ ಕೊಟ್ಟ ಮನೆಗಳಲ್ಲಿ. 2 ಕೋಟಿ ಸಾಲ ಮಾಡಿ, 16 ಲಕ್ಷ ಬಡ್ಡಿ ಕಟ್ಟಿ, 4 ಲಕ್ಷ ಬಾಡಿಗೆ ಪಡೆದರೂ, ಉಳಿದ ನಷ್ಟವನ್ನೆಲ್ಲ ಸಂಬಳದಿಂದ ಕಳೆಯಬಹುದಿತ್ತು. 2017ರ ಬಜೆಟ್ ಇದನ್ನು ವರ್ಷಕ್ಕೆ 2 ಲಕ್ಷಕ್ಕೆ ಕಟ್ಟಿಹಾಕಿತು. ಮಿಕ್ಕದ್ದನ್ನು 8 ವರ್ಷಗಳವರೆಗೆ ಮುಂದಕ್ಕೆ ಒಯ್ದು ಮನೆ ಆದಾಯದಿಂದ ಮಾತ್ರ ಕಳೆಯಬೇಕು.

ಹೊಸ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ರಿಯಾಯಿತಿಯೇ ಇಲ್ಲ. ಬಾಡಿಗೆ ಮನೆಯ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು, ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. 2023-24ರಿಂದ ನೀವು ಬೇರೆ ಆರಿಸದಿದ್ದರೆ ಅನ್ವಯವಾಗುವುದು ಇದೇ. ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸುವಾಗಲೇ ಆರಿಸಿಕೊಳ್ಳಿ. ತಡವಾದರೆ ಆ ಆಯ್ಕೆ ಕೈತಪ್ಪುತ್ತದೆ.