ಒದ್ದೆ ಲಾನ್‌ಗೆ ಭಾರದ ಗಾಡಿ ತಗೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಹೋಮಿಶ್ ಹತ್ತಿರ ಇದ್ದೇವೆ. ಹೋದ ವರ್ಷ 2 ಎಕರೆ ಜಾಗ ಇರುವ ಮನೆ ತಗೊಂಡೆವು. ಅಕ್ಟೋಬರ್‌ನಿಂದ ಮೇ ತನಕ ಹಿತ್ತಲಿನ ಹುಲ್ಲು ಒದ್ದೆಯೇ. ಮನೆ ಜೊತೆ ಬಂದ ಹಳೇ ರೈಡಿಂಗ್ ಮೋವರ್ (ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ) ಏಪ್ರಿಲ್‌ನಲ್ಲಿ ಎರಡು ಸಲ ಹೂತುಕೊಂಡಿತು. ಒಂದೇ ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಮುಂದಕ್ಕೆ ಹೋಗಲ್ಲ. ಅಂಗಡಿಯವರು 500 ಕೆಜಿಯ ಜೀರೋ ಟರ್ನ್ (ನಿಂತಲ್ಲೇ ತಿರುಗುವ ಮೋವರ್) ತಗೊಳ್ಳಿ, ಭಾರ ಇದ್ದರೆ ಹಿಡಿತ ಸಿಗುತ್ತದೆ ಅಂತಾರೆ. ನಮ್ಮ ಹಿತ್ತಲು ಇಳಿಜಾರು, ಕೆಳಗೆ ನೀರು ಹರಿಯುವ ಕಾಲುವೆ. ತಗೊಳ್ಳಲಾ?

ಉತ್ತರ: ದಯವಿಟ್ಟು ತಗೊಳ್ಳಬೇಡಿ. ಇಳಿಜಾರು, ಒದ್ದೆ ಹುಲ್ಲು, ಕೆಳಗೆ ಕಾಲುವೆ, ಈ ಮೂರೂ ಸೇರಿದ ಕಡೆ ಜೀರೋ ಟರ್ನ್ ನನಗೆ ನಿಜಕ್ಕೂ ಭಯ ಹುಟ್ಟಿಸುವ ಗಾಡಿ. ಅದರ ಮುಂದಿನ ಚಕ್ರಗಳು ಸುಮ್ನೆ ಉರುಳುತ್ತವೆ ಅಷ್ಟೇ. ತಿರುಗಿಸುವುದು, ನಿಲ್ಲಿಸುವುದು ಎಲ್ಲ ಹಿಂದಿನ ಎರಡು ಚಕ್ರಗಳ ಕೆಲಸ. ಅವು ಜಾರಿದವು ಅಂದರೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ, ಗಾಡಿ ಇಳಿಜಾರು ಎಳೆದ ಕಡೆ ಹೋಗುತ್ತದೆ. ಸಮತಟ್ಟಾದ ಒಣ ಜಾಗಕ್ಕೆ ಅದು ಒಳ್ಳೆಯ ಗಾಡಿಯೇ, ನಿಮ್ಮ ಹಿತ್ತಲಿಗಲ್ಲ.

ಇನ್ನು ಭಾರದ ಮಾತು. ಊರಲ್ಲಿ ಕೆಸರುಗದ್ದೆಗೆ ಇಳಿಸುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್, ಅಂದರೆ ಕಬ್ಬಿಣದ ಅಗಲ ಚಕ್ರ ಹಾಕುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಭಾರ ಅಗಲಕ್ಕೆ ಹರಡಲಿ, ಕೆಸರು ಹಿಡಿಯಲಿ ಅಂತ. ಇಲ್ಲೂ ಲೆಕ್ಕ ಅದೇ. ಎಷ್ಟು ಕೆಜಿ ಅನ್ನುವುದಕ್ಕಿಂತ ಆ ಭಾರ ಎಷ್ಟು ಅಗಲದ ಟೈರ್ ಮೇಲೆ ಕೂರುತ್ತದೆ ಅನ್ನುವುದು ಮುಖ್ಯ. ಮಾಮೂಲಿ ಲಾನ್ ಟ್ರ್ಯಾಕ್ಟರ್ 200 ಕೆಜಿ ಆಸುಪಾಸು ಇರುತ್ತದೆ, ಗಾರ್ಡನ್ ಟ್ರ್ಯಾಕ್ಟರ್ ಅಂತ ಮಾರುವ ಗಟ್ಟಿ ಗಾಡಿ ಸಾಮಾನ್ಯವಾಗಿ 300 ಕೆಜಿ ದಾಟುತ್ತದೆ. ಭಾರದ ಗಾಡಿ ಒದ್ದೆ ನೆಲದಲ್ಲಿ ಹಿಡಿತ ಕೊಟ್ಟರೂ ಮಣ್ಣನ್ನು ಒತ್ತಿಬಿಡುತ್ತದೆ. ಒತ್ತಿದ ಮಣ್ಣಲ್ಲಿ ನೀರು ಇಂಗಲ್ಲ, ಮುಂದಿನ ವರ್ಷ ಅದೇ ಜಾಗ ಇನ್ನೂ ಒದ್ದೆ. ನನ್ನ ಲಾನ್‌ನಲ್ಲೇ ಒಂದು ಏಪ್ರಿಲ್‌ನಲ್ಲಿ ಅವಸರಪಟ್ಟು ಬಿಟ್ಟ ಎರಡು ಗಾಲಿ ಜಾಡು ಇತ್ತು, ಬೆರಳುದ್ದ ಆಳ. ಬೇಸಿಗೆಯಲ್ಲಿ ಅದು ಇಟ್ಟಿಗೆಯ ಹಾಗೆ ಗಟ್ಟಿಯಾಯಿತು, ಮಳೆಗೆ ಮತ್ತೆ ನೀರು ನಿಂತಿತು, ಹುಲ್ಲು ಹೋಗಿ ಪಾಚಿ ಬಂತು.

ನಿಮ್ಮ ಒಂದೇ ಚಕ್ರ ತಿರುಗುವುದು ಭಾರ ಕಮ್ಮಿ ಅಂತಲ್ಲ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಮಾಮೂಲಿ ಡಿಫರೆನ್ಷಿಯಲ್ ಸಲೀಸಾಗಿ ತಿರುಗುವ ಚಕ್ರವನ್ನೇ ತಿರುಗಿಸುತ್ತದೆ, ಹಿಡಿತ ಇರುವ ಇನ್ನೊಂದು ಚಕ್ರ ಸುಮ್ನೆ ನಿಂತಿರುತ್ತದೆ. ಹಾಗಾಗಿ ಡಿಫರೆನ್ಷಿಯಲ್ ಲಾಕ್ ಇರುವ ಗಾರ್ಡನ್ ಟ್ರ್ಯಾಕ್ಟರ್ ಹುಡುಕಿ, ಹಳೆಯದಾದರೂ ಪರವಾಗಿಲ್ಲ. ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ. ನೆಟ್ಟಗೆ ಹೋಗುವಾಗ ಮಾತ್ರ ಹಾಕಿ, ತಿರುಗಿಸುವಾಗ ಹಾಕಿದರೆ ಹುಲ್ಲು ಕಿತ್ತು ಬರುತ್ತದೆ. ಗೇರ್ ಬದಲಿಸದೆ ವೇಗ ಏರಿಳಿಸುವ ಹೈಡ್ರೋಸ್ಟ್ಯಾಟಿಕ್ ಇರಲಿ, ಮೆಲ್ಲಗೆ ಹೊರಡಬಹುದು. ಟೈರ್ ಅಗಲದ ಟರ್ಫ್ ಟೈರೇ ಆಗಲಿ. ಗದ್ದೆ ಟ್ರ್ಯಾಕ್ಟರಿನ ಹಾಗೆ ಉಬ್ಬು ಪಟ್ಟಿ ಇರುವುದು ಲಾನನ್ನು ಉತ್ತು ಹಾಕುತ್ತದೆ. ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ ಹಿಂದಿನ ಟೈರಿಗೆ 10 ಪಿಎಸ್‌ಐ ಹತ್ತಿರ. ಡೆಕ್ (ಬ್ಲೇಡ್ ಇರುವ ಅಡಿಯ ಭಾಗ) 48 ಇಂಚು ಸಾಕು.

ಒದ್ದೆ ಹುಲ್ಲು ಡೆಕ್ ಅಡಿಯಲ್ಲಿ ಗೋಡೆಗೆ ಬೆರಣಿ ತಟ್ಟಿದ ಹಾಗೆ ಅಂಟುತ್ತದೆ. ಆಗ ಮಲ್ಚಿಂಗ್ (ಹುಲ್ಲನ್ನು ಪುಡಿ ಮಾಡಿ ಅಲ್ಲೇ ಬಿಡುವುದು) ಬಿಟ್ಟು ಪಕ್ಕಕ್ಕೆ ಎಸೆಯುವ ಹಾಗೆ ಇಟ್ಟುಕೊಳ್ಳಿ, ಬ್ಲೇಡ್ ಚೂಪಾಗಿರಲಿ, 3 ಇಂಚಿಗಿಂತ ಕೆಳಗೆ ಕತ್ತರಿಸಬೇಡಿ. ಕೆರೆದು ತೆಗೆಯುವ ಮುಂಚೆ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಲೇಬೇಕು.

ಯಾವ ಗಾಡಿ ತಂದರೂ ಹದ ಬರುವ ತನಕ ಕಾಯಲೇಬೇಕು. ಒಂದು ಹಿಡಿ ಮಣ್ಣು ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ನೀರು ಬಂದರೆ ಅವತ್ತು ಬೇಡ. ಉಂಡೆಯಾಗಿ, ಬೆರಳಲ್ಲಿ ತಟ್ಟಿದರೆ ಉದುರಿದರೆ ಆಯಿತು. ಕಾಲುವೆಯ ಅಂಚಿಗೆ ಮಾತ್ರ ಹದ ಬಂದರೂ ರೈಡಿಂಗ್ ಮೋವರ್ ಒಯ್ಯಬೇಡಿ, ಅಲ್ಲಿ ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಸಾಕು.

ಇನ್ನೊಂದು ವಿಷಯ ನೋಡಿ. ನಿಮ್ಮ ಕಡೆ ಬಹಳ ಕಡೆ ಎರಡು ಮೂರು ಅಡಿ ಕೆಳಗೆ ಹಿಂದಿನ ಹಿಮನದಿ ಬಿಟ್ಟುಹೋದ ಗಟ್ಟಿ ಪದರ ಇರುತ್ತದೆ, ಮಳೆನೀರು ಅದರ ಮೇಲೇ ನಿಲ್ಲುತ್ತದೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಸುತ್ತಲೂ ಒಣಗಿ, ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿ ನೆಲ ಮೆತ್ತಗಿದ್ದರೆ ಅದು ಸೆಪ್ಟಿಕ್ ಡ್ರೇನ್‌ಫೀಲ್ಡ್ (ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಜಾಗ) ಕೆಟ್ಟಿರುವ ಗುರುತಿರಬಹುದು. ಅಲ್ಲಿ ಗಾಡಿ ಓಡಿಸದೆ ಮೊದಲು ತಪಾಸಣೆ ಮಾಡಿಸಿ. ಅದಲ್ಲ, ಬರೀ ಮಳೆನೀರು ಅಂತಾದರೆ ಚಾವಣಿಯ ನೀರನ್ನು ಪೈಪಲ್ಲಿ ಲಾನ್‌ನಿಂದ ಆಚೆ ಬಿಡಿ. ಹಿತ್ತಲಲ್ಲಿ ಬಸಿಗಾಲುವೆ ತೋಡುವುದಾದರೆ ಕೌಂಟಿಯವರನ್ನು (ಸ್ಥಳೀಯ ಆಡಳಿತ) ಕೇಳಿ, ಜೌಗು ನೆಲಕ್ಕೆ ಅಲ್ಲಿ ಕಾನೂನು ಬಿಗಿ. ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿದರೆ ನೆಲದೊಳಗಿನ ಗ್ಯಾಸ್, ಕರೆಂಟ್ ಲೈನ್ ಎಲ್ಲೆಲ್ಲಿ ಹೋಗಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.